ಎಕ್ಸ್‌ಚೇಂಜಿಗೆ ಹೋದ ಕಂಪ್ಯೂಟರ್

ಬ್ಲೌಸ್ ಪೀಸುಗಳ ಹಳೆಯ ಗಂಟು ಬಿಚ್ಚಿದಾಗ ಒಂದು ಹೊದಿಕೆ ಸಿಕ್ಕಿತು. ನೀಲಿ ಹೂವಿನ ಬಟ್ಟೆ, ಮುಂದೆ ಚೌಕ, ಹಿಂದೆ ಡುಬ್ಬ, ಸುತ್ತ ಎಲಾಸ್ಟಿಕ್. ಚೂಡಿದಾರ್ ಹೊಲಿಸಲು ಬಂದಿದ್ದ ಕಾಲೇಜು ಹುಡುಗಿ ಅದನ್ನು ಎತ್ತಿ ತಿರುಗಿಸಿ ನೋಡಿ, “ಇದ್ಯಾವ ಪ್ರಾಣಿಗೆ ಹೊಲ್ದಿದ್ದೀರ ಆಂಟಿ?” ಅಂದಳು. ನಗು ಬರಬೇಕಿತ್ತು. ಸಿಟ್ಟು ಬಂತು. ಅವಳ ಮೇಲಲ್ಲ, ಪಾಪ, ಅವಳು ಅಂಥದ್ದನ್ನು ನೋಡಿಯೇ ಇಲ್ಲ.

ಅದು ಕಂಪ್ಯೂಟರಿನ ಹೊದಿಕೆ. ಪಕ್ಕದ ಮಳಿಗೆಯ ಅಕ್ಕನಿಗೆ ನಾನೇ ಹೊಲಿದುಕೊಟ್ಟದ್ದು. ಎಲಾಸ್ಟಿಕ್ ಬದಲಿಸಲು ವಾಪಸ್ಸು ಕೊಟ್ಟಿದ್ದಳೋ, ಒಗೆಯಲು ಕೊಟ್ಟಿದ್ದಳೋ... ಈಗ ನೆನಪಾಗುತ್ತಿಲ್ಲ. ನಾನು ಸರಿಮಾಡಿ ಕೊಡುವ ಹೊತ್ತಿಗೆ ಹೊದಿಸಲು ಕಂಪ್ಯೂಟರೇ ಇರಲಿಲ್ಲ.

ಕಿರುಗಾವಲಿನಲ್ಲಿ ಬಸ್ಸು ನಿಲ್ಲುವ ಕಡೆ ಒಂದೇ ಗೋಡೆಯ ಎರಡು ಮಳಿಗೆ ನಮ್ಮವು. ಈಚೆ ನನ್ನ ಹೊಲಿಗೆ, ಆಚೆ ಅಕ್ಕನ ಡಿ.ಟಿ.ಪಿ. ಒಡಹುಟ್ಟಿದ ಅಕ್ಕನಲ್ಲ. ಊರಿಗೆಲ್ಲ ಅವಳು ಡಿ.ಟಿ.ಪಿ. ಅಕ್ಕ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವನ್ನೂ ಅವಳು ಕನ್ನಡದಲ್ಲಿ ಜೋಡಿಸಿ ಕೊಡುತ್ತಿದ್ದಳು, ಜನ ಅದನ್ನು ಮಳವಳ್ಳಿಯ ಪ್ರೆಸ್ಸಿಗೆ ಒಯ್ದು ಅಚ್ಚು ಹಾಕಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ತಿಥಿ ಕಾರ್ಡು.

ನಮ್ಮ ಕಡೆ ತಿಥಿ ಎಂದರೆ ಸಣ್ಣ ಮಾತಲ್ಲ. ಸಾವಾದ ಮನೆಯವರು ಅಳುವುದಕ್ಕೂ ಪುರಸೊತ್ತಿಲ್ಲದೆ ನೆಂಟರ ಊರೂರಿಗೆ ಕಾರ್ಡು ಹಂಚಬೇಕು. ಕಾರ್ಡಿನ ಕೆಳಗೆ ‘ದುಃಖತಪ್ತರು’ ಎಂದು ಹಾಕಿ ಮಕ್ಕಳು, ಸೊಸೆಯರು, ಅಳಿಯಂದಿರು, ದಾಯಾದಿಗಳು ಎಲ್ಲರ ಹೆಸರೂ ಬರಬೇಕು. ಒಂದು ಹೆಸರು ಬಿಟ್ಟುಹೋಯಿತೋ, ಹಿರಿಯನ ಹೆಸರು ಕಿರಿಯನ ಕೆಳಗೆ ಬಂತೋ, ಊಟಕ್ಕೆ ಕೂತ ಪಂಕ್ತಿಯಲ್ಲೇ ಜಗಳ. ಸುತ್ತಮುತ್ತಲ ಎಷ್ಟೋ ಮನೆಗಳ ಹಳೆಯ ಕಾರ್ಡುಗಳು ಅಕ್ಕನ ಕಂಪ್ಯೂಟರಿನಲ್ಲಿದ್ದವು. “ನಮ್ಮ ತಾತಂದು ಮಾಡಿದ್ಯಲ್ಲಕ್ಕ” ಎಂದರೆ ಸಾಕು. ಅದನ್ನು ತೆಗೆದು, ಹೋದ ಸಲ ದುಃಖತಪ್ತರ ಸಾಲಿನಲ್ಲಿದ್ದವರನ್ನು ಈ ಸಲ ಮೇಲಕ್ಕೆ ತಂದು, ಆಮೇಲೆ ಬಂದ ಸೊಸೆಯರನ್ನೂ ಹುಟ್ಟಿದ ಮೊಮ್ಮಕ್ಕಳನ್ನೂ ಸೇರಿಸಿ, ಬಂದವರು ಟೀ ಕುಡಿದು ಲೋಟ ಇಡುವಷ್ಟರಲ್ಲಿ ಮುಗಿಸಿಬಿಡುತ್ತಿದ್ದಳು. ಕೀಲಿಮಣೆಯ ಕಡೆ ನೋಡುತ್ತಲೇ ಇರಲಿಲ್ಲ. ಸತ್ತವರ ಮನೆಯವರ ಸಂಕಟ ಕೇಳುತ್ತಾ, ಹೂಂಗುಟ್ಟುತ್ತಾ, ಬೆರಳು ಓಡಿಸುತ್ತಿದ್ದಳು.

ಕಂಪ್ಯೂಟರೋ, ಓಬೀರಾಯನ ಕಾಲದ್ದು. ಹಳೇ ಟೀವಿಯ ಹಾಗೆ ಡುಬ್ಬದ ಪರದೆ. ಬೆಳಿಗ್ಗೆ ಸ್ವಿಚ್ಚು ಹಾಕಿ ಅಕ್ಕ ಬಾಗಿಲಿಗೆ ನೀರು ಹಾಕಲು ಹೋಗುವಳು. ರಂಗೋಲಿ ಮುಗಿಸಿ ಬರುವಷ್ಟರಲ್ಲಿ ಅದು ಗುರ್ ಎನ್ನುತ್ತಾ ಎದ್ದಿರುತ್ತಿತ್ತು. ಬಿಸಿಯಾದ ಧೂಳಿನ ವಾಸನೆ ಗೋಡೆ ದಾಟಿ ನನ್ನವರೆಗೂ ಬರುತ್ತಿತ್ತು. ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿದ್ದಳು. ಅದನ್ನು ಬೀಗ ಎನ್ನುತ್ತಿದ್ದಳು. ಅದಿದ್ದರೆ ಮಾತ್ರ ಅವಳ ಕನ್ನಡದ ಸಾಫ್ಟ್‌ವೇರ್ ಬಾಯಿ ಬಿಡುತ್ತಿತ್ತು. ಅದನ್ನು ಮಾರಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಗಿತ್ತೋ.

ಬಂದವರೆಲ್ಲ ಬುದ್ಧಿ ಹೇಳುವವರೇ. ಒಬ್ಬ, “ಇನ್ನೂ ಇದ್ನ ಇಟ್ಕಂಡಿದ್ದೀಯಲ್ಲಕ್ಕ, ಗುಜರಿಯವ್ನೂ ಮುಟ್ಟಲ್ಲ” ಅಂದ.

“ಇದು ನನ್ ಮಾತು ಕೇಳ್ತದೆ. ನಿಂಗೇನ್ಲಾ ತೊಂದ್ರೆ? ಕಾರ್ಡು ಬೇಕಾ ಬ್ಯಾಡ್ವಾ?” ಅಂದಳು ಅಕ್ಕ.

ನಾನು ತುಳಿಯುವ ಹೊಲಿಗೆ ಮಿಷನ್ ನಮ್ಮತ್ತೆಯದು. ಅದನ್ನು ನೋಡಿ ಜನ ಗಟ್ಟಿಮುಟ್ಟು ಮಾಲು ಎಂದು ಹೊಗಳುತ್ತಾರೆ. ಅಕ್ಕನದನ್ನು ನೋಡಿ ಮಾತ್ರ ಅಯ್ಯೋ ಪಾಪ ಎನ್ನುತ್ತಿದ್ದರು. ಎರಡೂ ದಿನಾ ಅನ್ನ ದುಡಿಯುತ್ತಿದ್ದವು. ಈ ಅಯ್ಯೋ ಪಾಪವೇ ಕೊನೆಗೆ ಅವಳ ಹೊಟ್ಟೆಯ ಮೇಲೆ ಹೊಡೆದದ್ದು.

ನಮ್ಮ ಬೀದಿಯ ಅಂಗಡಿಯವರು ಒಂದು ಸಂಘ ಕಟ್ಟಿಕೊಂಡಿದ್ದರು. ನಮ್ಮಿಬ್ಬರ ಮಳಿಗೆಗಳ ಮಾಲೀಕರೇ ಅದಕ್ಕೆ ಅಧ್ಯಕ್ಷರು. ಆ ವರ್ಷದ ರಾಜ್ಯೋತ್ಸವಕ್ಕೆ ಕನ್ನಡ ಸೇವೆಗಾಗಿ ಅಕ್ಕನಿಗೆ ಸನ್ಮಾನ ಎಂದರು. ಅಕ್ಕ ರೇಷ್ಮೆ ಸೀರೆ ಉಟ್ಟು ಹೊರಟಳು. ಆ ಸೀರೆಗೆ ಫಾಲ್ಸ್ ಹಚ್ಚಿದ್ದು ನಾನೇ. ವೇದಿಕೆಯ ಮೇಲೆ ಪೇಟ, ಶಾಲು, ಹಣ್ಣಿನ ಬುಟ್ಟಿ, ಕೊನೆಗೆ ಒಂದು ದೊಡ್ಡ ಡಬ್ಬ. ಹೊಸ ಕಂಪ್ಯೂಟರ್! ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಇರಲಿ, ಎರಡಿದ್ದರೆ ಒಳ್ಳೆಯದೇ ಅಂದುಕೊಂಡೆ.

ಡಬ್ಬ ಹೊರಿಸಿಕೊಂಡು ಬಂದು ಅಕ್ಕ ಮಳಿಗೆಯ ಬಾಗಿಲು ತೆಗೆದಳು. ಮೇಜು ಖಾಲಿ. ಕಂಪ್ಯೂಟರ್ ಕೂತಿದ್ದ ಜಾಗದಲ್ಲಿ ಧೂಳಿನ ಗೆರೆ ಮಾತ್ರ ಇತ್ತು.

“ಅಮ್ಮಿ, ನನ್ ಕಂಪ್ಯೂಟ್ರು ಎಲ್ಲಮ್ಮಿ?” ಅಂತ ನನ್ನ ಕಡೆ ತಿರುಗಿದಳು. ಪೇಟ ಇನ್ನೂ ತಲೆಯ ಮೇಲೇ ಇತ್ತು.

ಹಿಂದೆಯೇ ಬಂದ ಅಧ್ಯಕ್ಷರು ಬಾಯ್ತುಂಬ ನಗುತ್ತಿದ್ದರು. “ಎಕ್ಸ್‌ಚೇಂಜಿಗೆ ಕೊಟ್ಬುಟ್ಟೊ ಕಣವ್ವ. ನೀನು ಇಲ್ಲಿಂದ ಒಂಟ ಮ್ಯಾಲೆ ನನ್ ತಾವಿದ್ದ ಕೀಲೀಲಿ ತೆಗೆಸ್ದೆ. ಎಂಗದೆ ಸರ್‌ಪ್ರೈಸು?”

ಕನ್ನಡದ ಆ ಬೀಗವೂ ಕಂಪ್ಯೂಟರಿನ ಬೆನ್ನಿಗೆ ಅಂಟಿಕೊಂಡೇ ಹೋಗಿತ್ತು. ಬಾಡಿಗೆ ಕೊಡುವ ಹೆಂಗಸಿನ ಮಳಿಗೆಯನ್ನು ಅವಳಿಲ್ಲದಾಗ ತೆಗೆದು, ಅವಳ ಅನ್ನವನ್ನು ಎತ್ತಿಕೊಂಡು ಹೋಗಿ, ಮೇಲೆ ಅವಳಿಗೇ ಶಾಲು ಹೊದಿಸುವುದು! ಕಳ್ಳನಾದರೆ ಪೊಲೀಸಿಗೆ ಕೊಡಬಹುದು. ಸನ್ಮಾನ ಮಾಡಿದವನನ್ನು ಯಾರಿಗೆ ಕೊಡುವುದು?

ಮಾರನೇ ದಿನ ನಾವಿಬ್ಬರೂ ಮಳವಳ್ಳಿಗೆ ಹೋಗಿ, ಬಸ್ಸು ಬದಲಿಸಿ, ಎಕ್ಸ್‌ಚೇಂಜಿಗೆ ಕೊಟ್ಟ ಅಂಗಡಿ ಹುಡುಕಿಕೊಂಡು ಮಂಡ್ಯಕ್ಕೆ ಹೋದೆವು. ದಾರಿಯುದ್ದಕ್ಕೂ ಅಕ್ಕ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದಳು. ಏನು ಟೈಪ್ ಮಾಡುತ್ತಿದ್ದಳೋ... ಕಂಪ್ಯೂಟರ್ ಅಂಗಡಿಯವನು ತಲೆ ಎತ್ತದೆ, “ಅದು ನೆನ್ನೇನೇ ಗುಜರಿಗೆ ಓಯ್ತು ಕಣಕ್ಕ” ಅಂದ. ಗುಜರಿ ಅಂಗಡಿಯ ಮುದುಕರು ಮಾತ್ರ ಎದ್ದು ನಮ್ಮ ಜೊತೆ ಹುಡುಕಿದರು. ಬಿಚ್ಚಿಹಾಕಿದ ಪರದೆಗಳು, ತಂತಿಯ ಸಿಂಬೆಗಳು, ಹಲ್ಲುದುರಿದ ಕೀಲಿಮಣೆಗಳು. ಅಕ್ಕ ಕುಕ್ಕರುಗಾಲಲ್ಲಿ ಕೂತು ರಾಶಿಯನ್ನೆಲ್ಲ ಕೆದಕಿದಳು. ಬೀಗ ಸಿಗಲಿಲ್ಲ.

“ಬಂದದ್ನ ಅವತ್ತವತ್ತೇ ಒಡ್ದು ಬೆಂಗ್ಳೂರ್ ಲಾರಿಗೆ ಆಕ್ಬುಡ್ತೀವಿ ಕಣ್ ತಾಯಿ. ಒಂದ್ ಮಾತು ಮುಂಚೇನೇ ಏಳಿದ್ರೆ ಎತ್ತಿಡ್ತಿದ್ದೆ” ಅಂದರು ಆ ಮುದುಕರು. ಇಡೀ ಪ್ರಕರಣದಲ್ಲಿ ಬೇಜಾರು ಮಾಡಿಕೊಂಡ ಗಂಡಸು ಅವರೊಬ್ಬರೇ.

ಆಮೇಲೆ ಶುರುವಾಯಿತು ಊರಿನ ಉಪದೇಶ. ಕಲಿತರೆ ಆಯ್ತಪ್ಪ, ಈಗ ಮೊಬೈಲಲ್ಲೇ ಕನ್ನಡ ಬರುತ್ತೆ, ಚಿಕ್ಕ ಮಕ್ಕಳೂ ಮಾಡುತ್ತಾರೆ. ಅಕ್ಕ ಪ್ರಯತ್ನಪಡಲಿಲ್ಲವೆ? ಪಟ್ಟಳು. ಅವಳ ಬೆರಳಿಗೆ ಗೊತ್ತಿದ್ದ ಜಾಗದಲ್ಲಿ ಅಕ್ಷರಗಳಿರಲಿಲ್ಲ. ‘ಕ’ ಎಂದು ಒತ್ತಿದರೆ ಇನ್ನೇನೋ ಬರುತ್ತಿತ್ತು. ಕೆಲವು ಹಳೆಯ ಕಾರ್ಡುಗಳನ್ನು ತುಂಬಿಸಿ ಜೋಪಾನ ಮಾಡಿದ್ದ ಫ್ಲಾಪಿಗಳನ್ನು ತೂರಿಸಲು ಹೊಸದಕ್ಕೆ ಬಾಯಿಯೇ ಇರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ಅಕ್ಷರ ಹುಡುಕಿ ಒಂದೇ ಬೆರಳಲ್ಲಿ ಒತ್ತುವ ಅಕ್ಕನನ್ನು ನೋಡಲಾರದೆ ನಾನು ಮಿಷನ್ ಜೋರಾಗಿ ತುಳಿಯುತ್ತಿದ್ದೆ. ಸಾವಿನ ಮನೆಯವರು ಎಷ್ಟು ಹೊತ್ತು ಕಾಯುತ್ತಾರೆ? ಎದ್ದು ಮಳವಳ್ಳಿ ಬಸ್ಸು ಹತ್ತುತ್ತಿದ್ದರು.

ಬೇಸಿಗೆಯಲ್ಲಿ ಅಧ್ಯಕ್ಷರ ತಾಯಿ ತೀರಿಕೊಂಡರು. ಅಧ್ಯಕ್ಷರು ನೆಟ್ಟಗೆ ಅಕ್ಕನ ಹತ್ತಿರವೇ ಬಂದರು. ಬಾಗಿಲಲ್ಲೇ ನಿಂತು, “ನಮ್ಮಪ್ಪಂದು ಮಾಡಿದ್ಯಲ್ಲವ್ವ, ಅದ್ನೇ ತೆಗ್ದು ನಮ್ಮವ್ವನ ಎಸ್ರು ಆಕ್ಬುಡು. ಬಿರ್‍ರನೆ ಬೇಕು” ಅಂದರು.

“ಅದು ಹಳೇದ್ರಲ್ಲಿತ್ತು ಅಣ್ಣ.”

“ಅದ್ರಲ್ಲಿದ್ದದ್ದೆಲ್ಲ ಒಸದ್ರಲ್ಲೂ ಇರ್ತದಲ್ವಾ?”

ಅಕ್ಕ ಅವರ ಮುಖವನ್ನೇ ನೋಡಿದಳು. ತಾಯಿ ಸತ್ತ ದುಃಖದಲ್ಲಿರುವವರಿಗೆ ಏನು ಹೇಳುವುದು? “ಇರಲ್ಲ ಅಣ್ಣ” ಅಂದಳು, ಅಷ್ಟೇ. ಅವರು ಗೊಣಗುತ್ತಾ ಹೋದರು. ಅವರು ಬೇರೆ ಕಡೆ ಮಾಡಿಸಿದ ಕಾರ್ಡಿನಲ್ಲಿ ದೊಡ್ಡ ಸೋದರತ್ತೆಯ ಮನೆಯವರ ಹೆಸರೇ ಬಿಟ್ಟುಹೋಗಿ, ಆ ಮನೆಯವರು ತಿಥಿಗೂ ಬರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಕ್ಕನಿಗೆ ಆಗಲಿಲ್ಲ. “ನಂಗೆ ಗ್ಯಾನ ಇತ್ತು ಕಣಮ್ಮಿ ಆ ಎಸ್ರು” ಎಂದು ಎರಡು ದಿನ ಕೊರಗಿದಳು.

ಆ ತಿಂಗಳೇ ಮಳಿಗೆ ಬಿಟ್ಟಳು. ಯಲಿಯೂರಿನ ತಂಗಿ ಮನೆಗೆ ಹೊರಟಾಗ, “ಸುಮ್ನೆ ಕೂತ್ಕಂಡು ಎಂಗೆ ಉಣ್ಣಾದಮ್ಮಿ?” ಅಂದಳು. ಅದು ಅವಳು ನನಗೆ ಹೇಳಿದ ಕೊನೆಯ ಮಾತು. ಸುಮ್ಮನೆ ಕೂತು ಬಹಳ ದಿನ ಉಣ್ಣಲಿಲ್ಲ... ಹೋದ ವರ್ಷ ತೀರಿಕೊಂಡಳು.

ಈಗ ಆ ಮಳಿಗೆ ಮೊಬೈಲ್ ಅಂಗಡಿ. ದುಃಖದ ಮುಖ ಹೊತ್ತ ಯಾರಾದರೂ ಅದನ್ನು ನೋಡಿ ಗಲಿಬಿಲಿಗೊಂಡು ನನ್ನ ಬಾಗಿಲಿಗೆ ಬಂದು, “ಡಿ.ಟಿ.ಪಿ. ಅಕ್ಕ ಇಲ್ವಾ?” ಎನ್ನುವುದು ಇನ್ನೂ ನಿಂತಿಲ್ಲ.

ಆ ಹುಡುಗಿ ಹೊದಿಕೆ ಹಿಡಿದು ಆಡಿಸಿದ ದಿನ ಸಂಜೆಯೇ ಅಧ್ಯಕ್ಷರು ಮೊಮ್ಮಗಳ ಲಂಗಕ್ಕೆ ಬಟ್ಟೆ ತಂದರು. ನಾನು ಅಳತೆ ಕೇಳುತ್ತಿದ್ದೆ. ಅವರು ಪಕ್ಕದ ಮಳಿಗೆಯ ಕಡೆ ಕಣ್ಣು ಹಾಯಿಸಿ, “ಪಾಪ, ಒಳ್ಳೆ ಎಂಗ್ಸು. ಅಷ್ಟ್ ಒಳ್ಳೆ ಕಂಪ್ಯೂಟ್ರು ಕೊಡ್ಸುದ್ವು. ಕಲ್ತ್ಕನಿಲ್ಲ ನೋಡು” ಅಂದರು.

ನಾನು ಟೇಪು ಕೆಳಗಿಟ್ಟೆ. “ಅಕ್ಕ ಏನ್ ಕಲೀಬೇಕಿತ್ತಣ್ಣ? ಅವ್ಳಿಗೆ ಕೆಲ್ಸ ಬರ್ತಿತ್ತು. ನೀವು ಕಿತ್ಕಂಡ್ರಿ.”

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಟ್ಟೆಯನ್ನು ಮಡಚಿ ಅವರ ಕೈಗಿಟ್ಟೆ, ಬೇರೆ ಕಡೆ ಹೊಲಿಸಿಕೊಳ್ಳಿ ಅಂದೆ. ಇಷ್ಟು ವರ್ಷದಲ್ಲಿ ಅವರಿಗೆ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡಿದ್ದಿಲ್ಲ, ಇಡೀ ಬೀದಿಗೇ ಕೇಳಿಸಿತಂತೆ. ಗೋಡೆಯಾಚೆ ಕೂತು ಕೇಳಿಸಿಕೊಳ್ಳಲು ಅಕ್ಕ ಇರಲಿಲ್ಲ.