ಬದುಕಿಸಿದ್ರೆ ನಿಂದೇ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿಯಾಗಿದ್ದವಳಿಗೆ ಬೀದಿಯ ಮಕ್ಕಳಿಟ್ಟ ಹೆಸರು ಹಲ್ಲಕ್ಕ. ಯಾರ ಹಲ್ಲು ಕಟ್ಟಿಸಿದ್ದು, ಯಾರದು ಸ್ವಂತದ್ದು ಅನ್ನೋದು ಅವಳಿಗೆ ಬಾಯಿಪಾಠ.

ಕ್ಲಿನಿಕ್ಕಿನ ಕಿಟಕಿಯಲ್ಲಿ ಯಾರೋ ಡಾಕ್ಟರಿಗೆ ಕೊಟ್ಟ ಗೇಣುದ್ದದ ಬೋನ್ಸಾಯ್ ಗಿಡವಿತ್ತು. ಎಲೆ ಉದುರಿ, ಬೇರು ಕೊಳೆತು, ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. "ಕಸಕ್ಕೆ ಹಾಕಮ್ಮ," ಅಂದರು ಡಾಕ್ಟರು. ಇವಳು ಕೈ ಹಿಂದೆಗೆದದ್ದು ನೋಡಿ, "ಸರಿ, ಬದುಕಿಸಿದ್ರೆ ನಿಂದೇ," ಅಂದರು. ಅದನ್ನು ನಂಬಿದಳು ಪುಣ್ಯಾತ್ಗಿತ್ತಿ. ತನ್ನ ಮನೆಗೆ ಬಿಸಿಲೇ ಬೀಳಲ್ಲ ಅಂತ ಗಿಡವನ್ನು ಅಲ್ಲೇ ಕಿಟಕಿಯಲ್ಲಿ ಬಿಟ್ಟಳು.

ಎಸೆಯಲು ಇಟ್ಟಿದ್ದ, ಹಲ್ಲು ಕೆದಕುವ ಉಕ್ಕಿನ ಕಡ್ಡಿಯಿಂದ ಬೇರಿನ ಮಣ್ಣು ಬಿಡಿಸಿದಳು. ಬಾಯಿಯೊಳಗೆ ನೋಡುವ ಹಳೇ ಕನ್ನಡಿ ಹಿಡಿದು ಎಲೆಯಡಿಯ ಹುಳ ಹುಡುಕಿದಳು. ದಿನಾ ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರಷ್ಟೇ ನೀರು. "ನನಗೆ ಜ್ವರ ಬಂದಾಗ ಹೀಗೆ ಮುಟ್ಟಿ ನೋಡಿದ್ಯಾ?" ಅಂತ ಗಂಡ ರೇಗಿಸಿದ. ಆರು ತಿಂಗಳು ಏನೂ ಇಲ್ಲ. ಏಳನೇ ತಿಂಗಳು ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಅವತ್ತೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ. ಮೂರು ವರ್ಷಕ್ಕೆ ಗಿಡ ಕಣ್ಣು ತುಂಬುವ ಹಾಗೆ ತುಂಬಿಕೊಂಡಿತು.

ಮೊನ್ನೆ ಹಲ್ಲು ತೋರಿಸಲು ಬಂದ ಕಟ್ಟಡದ ಮಾಲೀಕರು ಅದರ ಮುಂದೆ ನಿಂತುಬಿಟ್ಟರು.

"ನೀವು ಬೆಳೆಸಿದ್ದಾ ಡಾಕ್ಟ್ರೇ?"

"ಹೂಂ, ಏನೋ ಒಂದು ಹುಚ್ಚು. ಇಷ್ಟ ಆಯ್ತಾ? ತಗೊಂಡ್ಹೋಗಿ." ಟ್ರೇ ಹಿಡಿದು ನಿಂತಿದ್ದವಳ ಕಡೆ ತಿರುಗಿ, "ಚೆನ್ನಾಗಿ ಪ್ಯಾಕ್ ಮಾಡ್ಕೊಡಮ್ಮ," ಅಂದರು, ಹತ್ತಿ ಕೊಡು ಅನ್ನುವಷ್ಟೇ ಸಲೀಸಾಗಿ.

ಅವಳು ಒಳಕೋಣೆಗೆ ಡಾಕ್ಟರ ಹಿಂದೆಯೇ ಹೋದಳು. "ಸರ್, ನಂದು ಅಂದಿದ್ರಲ್ಲ?"

"ಅಯ್ಯೋ, ತಮಾಷೆಗೆ ಅಂದಿದ್ದು ಕಣಮ್ಮ. ಇನ್ನೊಂದು ತಂದ್ಕೊಡ್ತೀನಿ ಬಿಡು."

ಮೂರು ವರ್ಷ ಕಣ್ಣಾರೆ ನೋಡಿದ ಮನುಷ್ಯ ಇವರು! ನಂಬಿಸಿ ಕತ್ತು ಕೊಯ್ಯೋದು ಅಂದರೆ ಇನ್ನು ಹೇಗಿರುತ್ತೆ? ರಟ್ಟಿನ ಡಬ್ಬಿಯೊಳಗೆ ಗಿಡದ ಸುತ್ತ ಪೇಪರ್ ತುರುಕಿದಳು. ದಿನಾ ಎರಡು ಲೋಟ ನೀರು ಹಾಕಿ ಅಂತ ಮಾಲೀಕರಿಗೆ ಹೇಳಿದರೆ ಸಾಕು, ತಿಂಗಳೊಳಗೆ ಗಿಡದ ಕಥೆ ಮುಗೀತು, ಡಾಕ್ಟರ ಮುಖಕ್ಕೂ ಮಸಿ. ನಾಲಿಗೆ ತುದಿಯವರೆಗೂ ಬಂತು ಆ ಮಾತು. ಆದರೆ ಗಿಡ ಏನು ಮಾಡಿತ್ತು, ಪಾಪ.

ನೀರು, ಬಿಸಿಲು, ಹುಳ, ಎಲ್ಲವನ್ನೂ ಮಾಲೀಕರಿಗೆ ಬಿಡಿಸಿ ಹೇಳಿದಳು. ಚೀಟಿಯಲ್ಲಿ ತನ್ನ ನಂಬರ್ ಬರೆದುಕೊಟ್ಟಳು.

"ಎಲೆ ಹಳದಿಯಾದ್ರೆ ನನಗೆ ಫೋನ್ ಮಾಡಿ ಸರ್. ಡಾಕ್ಟ್ರನ್ನ ಕೇಳ್ಬೇಡಿ, ಅವರು ಇದನ್ನ ಒಂದಿನವೂ ಮುಟ್ಟಿಲ್ಲ."

ಮಾಲೀಕರು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಕಡೆ ನೋಡಿದರು. ಡಾಕ್ಟರು ಮುಂದಿನ ಪೇಷೆಂಟನ್ನು ಕರೆದರು.