ಲಕ್ಷವನ್ನು ಮೂರರಿಂದ ಭಾಗಿಸಿದರೆ

ನನಗೊಂದು ಕೆಟ್ಟ ಚಾಳಿಯಿದೆ. ಎಲ್ಲಿ ಸಂಖ್ಯೆ ಕಂಡರೂ ಭಾಗಿಸದೆ ಬಿಡಲಾರೆ. ಒಮ್ಮೆ ರಿಪ್ಪನ್‌ಪೇಟೆಯಲ್ಲಿ ಬಸ್ಸೊಂದರ ನಂಬರನ್ನು ಏಳರಿಂದ ಭಾಗಿಸುತ್ತ ನಿಂತಿದ್ದೆ. ಶೇಷ ಸೊನ್ನೆ ಬಂತೆಂದು ಖುಷಿಪಡುವಷ್ಟರಲ್ಲಿ ಬಸ್ಸು ಹೋಗಿತ್ತು. ನಾನು ಹತ್ತಬೇಕಾಗಿದ್ದುದೂ ಅದನ್ನೇ.

ಹೋದ ವರ್ಷ ಈ ಚಾಳಿಗೆ ಸಿಕ್ಕಿದ್ದು ಒಂದು ಲಕ್ಷ. ಅಮ್ಮ ಲಕ್ಷಬತ್ತಿಯ ಹರಕೆ ಹೊತ್ತಿದ್ದಳು. ಹತ್ತಿಯಲ್ಲಿ ಒಂದು ಲಕ್ಷ ಬತ್ತಿ ಹೊಸೆದು ದೇವರ ಮುಂದೆ ಉರಿಸಬೇಕು. ಇನ್ನೇನು ಶುರು ಮಾಡಬೇಕು, ಪಾರ್ಶ್ವವಾಯು ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಹರಕೆ ಹಾಗೇ ಉಳಿಯಿತಲ್ಲ ಎಂಬ ಕೊರಗಿನಲ್ಲಿ ಊಟ ಬಿಟ್ಟಳು, ಮಾತು ಬಿಟ್ಟಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸಾಗರದ ಅಕ್ಕ, ತೀರ್ಥಹಳ್ಳಿಯ ತಂಗಿ, ಅಮ್ಮನೊಂದಿಗೆ ಹೊಸನಗರದಲ್ಲಿರುವ ನಾನು, ಮೂವರೂ ಹಂಚಿಕೊಂಡು ಹೊಸೆಯುವುದೆಂದು ತೀರ್ಮಾನವಾಯಿತು. ಪೆನ್ನು ಹಿಡಿದೆ. ತಲಾ 33,333. ಒಂದು ಬತ್ತಿ ಉಳಿಯಿತು.

ಲಕ್ಷ ಬಲು ಹಟಮಾರಿ ಸಂಖ್ಯೆ. ಐದು ಎರಡುಗಳನ್ನೂ ಐದು ಐದುಗಳನ್ನೂ ಒಟ್ಟಿಗೆ ಗುಣಿಸಿದರೆ ಲಕ್ಷ. ಬೇರೆ ಯಾವ ಅವಿಭಾಜ್ಯಕ್ಕೂ ಅದರೊಳಗೆ ಜಾಗವಿಲ್ಲ. ಮೂವತ್ತಾರು ಸಂಖ್ಯೆಗಳು ಅದನ್ನು ಶೇಷವಿಲ್ಲದೆ ಭಾಗಿಸುತ್ತವೆ, ಮೂರಕ್ಕೆ ಮಾತ್ರ ಅದು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಪಕ್ಕದ 99,999 ಪಾಪ, ಮೂರಕ್ಕೂ ಬಗ್ಗುತ್ತದೆ, ಒಂಬತ್ತಕ್ಕೂ ಬಗ್ಗುತ್ತದೆ, ಯಾರೂ ಕೇಳದ ನಲವತ್ತೊಂದಕ್ಕೂ ಬಗ್ಗುತ್ತದೆ.

"ಎಲ್ಲರೂ ಒಂದೊಂದು ಜಾಸ್ತಿ ಹೊಸೆದ್ರಾತು" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಆಗ 1,00,002 ಆಗುತ್ತದೆ. ಹರಕೆ ಹೊತ್ತಿದ್ದು ಲಕ್ಷಕ್ಕೆ. ಉಳಿದದ್ದು ತನಗಿರಲಿ ಎಂದಳು ತಂಗಿ. ಹಿರಿಯವಳಿರುವಾಗ ಅದು ಹೇಗೆ ಎಂದು ಅಕ್ಕ ಮುನಿದಳು. ಎರಡು ದಿನ ನಾನು ಜಗಲಿಗೂ ಅಡುಗೆಮನೆಗೂ ಶತಪಥ ತಿರುಗಿದೆ. ಕೂತರೆ ಆ ಒಂದು ಚುಚ್ಚುತ್ತಿತ್ತು.

ಮೂರನೆಯ ದಿನ ಅಮ್ಮನೇ ಬಾಯಿಬಿಟ್ಟಳು.

"ಎಂತ ಲೆಕ್ಕ ಅದು?"

ಹೇಳಿದೆ.

"ಎಷ್ಟು ಜನಕ್ಕೆ ಹಂಚಿದ್ದು?"

"ಮೂರು."

"ಹರಕೆ ಯಾರದು?"

ಅಮ್ಮ ಹತ್ತಿಯ ಬುಟ್ಟಿ ಎಳೆದುಕೊಂಡಳು. ಎಳೆಯೊಂದನ್ನು ಅಲುಗದ ಬಲ ಅಂಗೈಯ ಮೇಲಿಟ್ಟು, ಎಡಗೈ ಬೆರಳಿನಿಂದ ನಿಧಾನಕ್ಕೆ ಹೊಸೆದಳು. ಬತ್ತಿ ಸೊಟ್ಟಗಿತ್ತು, ಆದರೆ ಬತ್ತಿಯೇ. ನನಗೆ ನಾಚಿಕೆಯಾಯಿತು. ನಾಲ್ಕರಿಂದ ಭಾಗಿಸಿದರೆ ತಲಾ ಇಪ್ಪತ್ತೈದು ಸಾವಿರ, ಶೇಷವೇ ಇಲ್ಲ. ಬಸ್ಸಿನ ನಂಬರನ್ನೂ ಬಿಡದ ನಾನು ಮನೆಯವರನ್ನು ಎಣಿಸುವಾಗ ಅಮ್ಮನನ್ನೇ ಬಿಟ್ಟಿದ್ದೆ. ಅವತ್ತು ಅವಳು ಎರಡು ತುತ್ತು ಹೆಚ್ಚಿಗೆ ಉಂಡಳು.

ನಮ್ಮ ಮೂವರ ಪಾಲು ಈಗ ಮುಗಿಯುತ್ತ ಬಂದಿದೆ. ಅಮ್ಮನಿಂದ ದಿನಕ್ಕೆ ಹತ್ತು ಬತ್ತಿಯಾಗುತ್ತದೆ, ಹೆಚ್ಚಿಲ್ಲ. ಚಾಳಿ ಬಿಡಬೇಕಲ್ಲ, ಭಾಗಿಸಿಯೇಬಿಟ್ಟೆ. ಎರಡು ಸಾವಿರದ ಐನೂರು ದಿನ, ಹತ್ತಿರ ಹತ್ತಿರ ಏಳು ವರ್ಷ. ಅವಳ ವಯಸ್ಸು, ಅವಳ ಕಾಯಿಲೆ ಎಲ್ಲ ಕಣ್ಣ ಮುಂದೆ ಬಂತು. ಅವಳ ಪಾಲಿನಲ್ಲಿ ಒಂದಷ್ಟು ನಮಗೆ ಕೊಡಲಿ, ಇಲ್ಲದಿದ್ದರೆ ಏಳು ವರ್ಷ ಹಿಡಿಯುತ್ತದೆ ಎಂದು ಅಳುಕುತ್ತಲೇ ಹೇಳಿದೆ.

ಅಮ್ಮ ತಲೆಯೆತ್ತದೆ ಇನ್ನೊಂದು ಎಳೆ ತೆಗೆದುಕೊಂಡಳು.

"ಎನಗೆ ಅವಸರ ಇಲ್ಲೆ."