ಬಾವಿಗೊಂದು ದಾರ

ಮೊನ್ನೆ ಪ್ರಯೋಗಾಲಯದ ನನ್ನ ಡ್ರಾಯರ್ ಖಾಲಿ ಮಾಡುತ್ತಿದ್ದೆ. ನಿವೃತ್ತಿಯಾದರೂ ಅದರ ಕೀಲಿಕೈ ಬಿಟ್ಟುಕೊಟ್ಟಿರದ ಹಟಮಾರಿ ನಾನು. ತಳದಲ್ಲಿ ದಾರ ಸುತ್ತಿದ ಬೆಂಕಿಕಡ್ಡಿಯೊಂದು ಸಿಕ್ಕಿತು. ಮೂಸಿದರೆ ಅಯೋಡಿನ್ ವಾಸನೆ ಇನ್ನೂ ಇದೆಯೆನಿಸಿತು... ಇರಲಿಕ್ಕಿಲ್ಲ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ. ಹೈದರಾಬಾದಿನಲ್ಲಿ ರಸಾಯನಶಾಸ್ತ್ರದ ಎಮ್ಮೆಸ್ಸಿ ಮುಗಿಸಿ ಔರಾದ್ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಬಣ್ಣದ ಕಾರ್ಖಾನೆಯಲ್ಲಿ ನೌಕರಿ ಕಾದಿತ್ತು. ಅಷ್ಟರಲ್ಲಿ ಕಾಲಿಗೆ ನಾರುಹುಣ್ಣು ಎದ್ದಿತು. ಹುಣ್ಣಿನಿಂದ ದಾರದಂಥ ಹುಳು ಹೊರಬರುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಂದು ಎಳೆಯಬೇಕು. ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ವಿಷಯ. ನನಗೆ ನೌಕರಿಯ ಅವಸರ. ಒಂದೇ ಸಲ ಎಳೆದೆ, ತುಂಡಾಯಿತು. ಕಾಲು ಬಾತು ಕುಂಬಳಕಾಯಿಯಾಯಿತು. ಬಂಡಿಯಲ್ಲಿ ಹಾಕಿ ಭಾಲ್ಕಿಯ ದವಾಖಾನೆಗೆ ಒಯ್ದರು.

ಅಲ್ಲಿದ್ದವರು ನರ್ಸಬಾಯಿ, ಬೀದರಿನ ಕ್ರೈಸ್ತ ಮನೆತನದವರು. ಕಾಲು ನೋಡಿದವರೇ ಸಿಡುಕಿದರು. "ಇಷ್ಟು ಓದೀರಿ, ಜರಾ ಸಬರ್, ತಾಳ್ಮಿ ಇಲ್ಲೇನ್ರಿ ನಿಮಗ? ಕಾಲೇ ಹೋಗ್ತಿತ್ತು." ಆಮೇಲೆ ಕೇಳಿದರು, "ಯಾವ ಬಾವಿ ನೀರ ಕುಡೀತೀರಿ?"

ಹೇಳಿದೆ. ಗೋಡೆಯ ಮೊಳೆಗೆ ಬಣ್ಣಬಣ್ಣದ ದಾರಗಳು ತೂಗುತ್ತಿದ್ದವು. ಒಂದನ್ನು ಹಿಡಿದು ಗಂಟು ಹಾಕಿದರು. ಬಾವಿಗೊಂದು ದಾರ, ರೋಗಿಗೊಂದು ಗಂಟು. ಬರೆದಿಡಬಾರದೇ ಎಂದೆ.

"ಬರದ್ರ ನಾ ಒಬ್ಬಾಕಿನೇ ಓದಬೇಕ್ರಿ. ದಾರ ಆದ್ರ ಊರೆಲ್ಲಾ ನೋಡ್ತದ."

ತಿಂಗಳು ಅಲ್ಲೇ ಬಿದ್ದಿದ್ದೆ. ನೌಕರಿ ಹೋಯಿತು. ಯಾವ ದಾರ ಯಾವ ಬಾವಿಯದೆಂದು ಅವರನ್ನು ಕೇಳುತ್ತ ಮಲಗಿದಲ್ಲೇ ನೋಡುತ್ತಿದ್ದೆ. ಹಗ್ಗದಿಂದ ಸೇದುವ ಬಾವಿಗಳ ದಾರದಲ್ಲಿ ಗಂಟೇ ಇಲ್ಲ. ಜನ ನೀರಿಗೆ ಕಾಲಿಡುವ ಮೆಟ್ಟಿಲ ಬಾವಿಗಳ ದಾರಗಳು ಗಂಟು ಬಿದ್ದೂ ಬಿದ್ದೂ ಗಿಡ್ಡವಾಗಿದ್ದವು. ಹುಣ್ಣಿನ ಕಾಲಿನಿಂದ ನೀರಿಗೆ, ನೀರಿನಿಂದ ಮತ್ತೊಬ್ಬರ ಹೊಟ್ಟೆಗೆ... ಇದು ಪುಸ್ತಕಗಳಲ್ಲಿ ಆಗಲೇ ಇತ್ತು, ಆಮೇಲೆ ತಿಳಿಯಿತು. ನರ್ಸಬಾಯಿ ಓದಿರಲಿಲ್ಲ, ತಾವೇ ಕಂಡುಕೊಂಡಿದ್ದರು. ಅಂಥ ಬುದ್ಧಿಯನ್ನು ನಾನು ಮತ್ತೆ ಎಲ್ಲೂ ಕಾಣಲಿಲ್ಲ.

ಹೊರಡುವ ದಿನ, ನನ್ನ ಹುಳುವಿನ ಉಳಿದ ತುಂಡನ್ನು ಸುತ್ತಿ ತೆಗೆದ ಬೆಂಕಿಕಡ್ಡಿಗೆ ದಾರ ಸುತ್ತಿ ಕೈಗಿಟ್ಟರು. "ಇದು ಹ್ಯಾಂಗ ನಿಲ್ತದ ನೀವು ಹುಡುಕ್ರಿ. ನನಗ ಗಂಟ ಹಾಕೋದಷ್ಟೇ ಬರ್ತದ."

ಬೇರೆ ನೌಕರಿ ಹುಡುಕಲಿಲ್ಲ. ಹೈದರಾಬಾದಿಗೆ ಮರಳಿ ರೋಗ ತರುವ ಹುಳುಗಳ ಸಂಶೋಧನೆಗೆ ಸೇರಿದೆ.

ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆ ಬರೆಯಲು ಕೂತಾಗ ಕೈ ನಿಂತಿತು. ತಿಂಗಳಿಡೀ ಕಾಲು ತೊಳೆಸಿಕೊಂಡ ನಾನು ಅವರ ಹೆಸರೇ ಕೇಳಿರಲಿಲ್ಲ. ಒಂದು ಸಾಲು ಖಾಲಿ ಬಿಟ್ಟು ಭಾಲ್ಕಿಗೆ ಹೋದೆ. ಅವರು ತೀರಿಕೊಂಡು ವರ್ಷವಾಗಿತ್ತು. ಗೋಡೆಗೆ ಹೊಸ ಸುಣ್ಣ, ಮೊಳೆಯೊಂದೇ ಉಳಿದಿತ್ತು. ಯಾರನ್ನು ಕೇಳಿದರೂ ಒಂದೇ ಉತ್ತರ: "ನರ್ಸಬಾಯಿ ಅಂತಿದ್ವಿರಿ."

ಮೊನ್ನೆ ಆ ಪುಟ ತೆರೆದೆ. ಸಾಲು ಇನ್ನೂ ಖಾಲಿಯೇ ಇದೆ. ಕಡ್ಡಿಯ ದಾರ ಬಿಚ್ಚಿ, ಒಂದು ಗಂಟು ಹಾಕಿ, ಅಲ್ಲಿಟ್ಟು ಪುಸ್ತಕ ಮುಚ್ಚಿದೆ.